ಅರ್ಧಕ್ಕೆ ನಿಲ್ಲಿಸಿದ ಕಥೆ

ಕಳೆದ ವರ್ಷ ನಮ್ಮೂರಿನ ಹೆಣ್ಣುಮಕ್ಕಳ ಶಾಲೆಯೊಂದರ ಕ್ರೀಡಾದಿನಕ್ಕೆ ನಾಲ್ಕು ಮಾತನಾಡಬೇಕೆಂದು ನನ್ನನ್ನು ಕರೆದಿದ್ದರು. ಆಟದ ಬಯಲಿಗೂ ನನಗೂ ಇರುವ ಸಂಬಂಧವು ಸಂಜೆಯ ಹೊತ್ತು ಅದರ ಬೇಲಿಯ ಪಕ್ಕದಲ್ಲಿ ನಡೆದುಹೋಗುವಷ್ಟು ಮಾತ್ರ. ಆದರೂ ಒಪ್ಪಿಕೊಂಡೆ, ವಯಸ್ಸಾದವರನ್ನು ಸಭೆಗೆ ಕರೆದರೆ ‘ಆಗದು’ ಎನ್ನುವ ಶಕ್ತಿ ಅವರಲ್ಲಿ ಉಳಿದಿರುವುದಿಲ್ಲ. ಒಪ್ಪಿಕೊಂಡ ಮೇಲೆ ಏನು ಹೇಳುವುದೆಂಬ ಚಿಂತೆ ಹತ್ತಿತು. ಉಪದೇಶವನ್ನು ಆ ಮಕ್ಕಳು ಮನೆಯಲ್ಲಿ ಬೇಕಾದಷ್ಟು ಕೇಳಿರುತ್ತಾರೆ. ಆದುದರಿಂದ ಒಂದು ಕಥೆ ಹೇಳೋಣವೆಂದು ನಿಶ್ಚಯಿಸಿ, ಫ್ರಾನ್ಸ್ ದೇಶದ ವಿಯೊಲೆತ್ ಮೋರಿಸ್ ಎಂಬಾಕೆಯನ್ನು ಆರಿಸಿಕೊಂಡೆ. ಬೈಸಿಕಲ್ ಪಂದ್ಯ, ಮುಷ್ಟಿಯುದ್ಧ, ಕಾಲ್ಚೆಂಡು, ಈಜು, ಮೋಟಾರು ಓಟ—ಗಂಡಸರಿಗೆಂದು ಬೇಲಿ ಹಾಕಿಟ್ಟಿದ್ದ ಬಯಲುಗಳನ್ನೆಲ್ಲ ದಾಟಿಹೋದ ಹೆಂಗಸು. ಹುಡುಗಿಯರಿಗೆ ಹೇಳಲು ಇದಕ್ಕಿಂತ ಸೊಗಸಾದ ಕಥೆ ಯಾವುದಿದ್ದೀತು?

ಇಪ್ಪತ್ತು ನಿಮಿಷ ಮಾತನಾಡಿದೆ. 1893ರಲ್ಲಿ ಆಕೆಯ ಜನನದಿಂದ ಆರಂಭಿಸಿ 1927ರಲ್ಲಿ ಆಕೆ ಗೆದ್ದ ಮೋಟಾರು ಪಂದ್ಯಕ್ಕೆ ತಂದು ನಿಲ್ಲಿಸಿದೆ. ಚಪ್ಪಾಳೆಯಾಯಿತು. ಹಾರವನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಡುತ್ತಿರುವಾಗ ಹುಡುಗಿಯೊಬ್ಬಳು ಎದ್ದು ನಿಂತು, “ಆಮೇಲೆ ಅವರು ಏನಾದರು, ಸಾರ್?” ಎಂದು ಕೇಳಿದಳು. “ಯುದ್ಧದ ಕಾಲದಲ್ಲಿ, 1944ರಲ್ಲಿ, ತೀರಿಕೊಂಡರಮ್ಮ” ಎಂದೆ. ಅವಳು “ಅಯ್ಯೋ” ಎಂದು ಕುಳಿತಳು.

ನಾನು ಹೇಳಿದ ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಅವಳ “ಅಯ್ಯೋ” ಮಾತ್ರ ನನ್ನನ್ನು ಮನೆಯವರೆಗೂ ಹಿಂಬಾಲಿಸಿ ಬಂದಿತು. ಅಶ್ವತ್ಥಾಮನ ಸಂಗತಿಯಲ್ಲಿ ಅರ್ಧ ಸತ್ಯವನ್ನು ನುಡಿದ ಧರ್ಮರಾಯನ ರಥವು, ಅದುವರೆಗೆ ನೆಲಕ್ಕೆ ನಾಲ್ಕು ಬೆರಳು ಮೇಲೆ ಚಲಿಸುತ್ತಿದ್ದುದು, ಅಂದು ನೆಲಕ್ಕಿಳಿಯಿತಂತೆ. ನನ್ನದು ಮೊದಲಿನಿಂದಲೂ ನೆಲದ ಮೇಲೆಯೇ ಓಡುವ ಗಾಡಿಯಾದುದರಿಂದ ಹೊರಗೆ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ನನಗೆ ಕಂಡಿತು. ಅಂದು ನುಂಗಿಕೊಂಡ ಅರ್ಧವನ್ನು ಇಲ್ಲಿ ಹೇಳಬೇಕೆಂದು ಕುಳಿತಿದ್ದೇನೆ; ಆದರೆ ಅದಕ್ಕೆ ಮೊದಲು, ಹೇಳಿದ ಅರ್ಧವನ್ನೂ ವಾಚಕರ ಮುಂದಿಡಬೇಕಲ್ಲವೆ?

ವಿಯೊಲೆತ್ ಮೋರಿಸ್ ಹುಟ್ಟಿದ್ದು 1893ರ ಏಪ್ರಿಲ್ 18ರಂದು, ಪ್ಯಾರಿಸಿನಲ್ಲಿ. ತಂದೆ ಅಶ್ವದಳದಲ್ಲಿ ಅಧಿಕಾರಿಯಾಗಿದ್ದವನು. ಬೆಲ್ಜಿಯಮ್ಮಿನ ಕ್ರೈಸ್ತ ಸನ್ಯಾಸಿನಿಯರ ಮಠವೊಂದರಲ್ಲಿ ಆಕೆಯ ವಿದ್ಯಾಭ್ಯಾಸ. 1914ರ ಆಗಸ್ಟಿನಲ್ಲಿ, ಮಹಾಯುದ್ಧ ಆರಂಭವಾದ ತಿಂಗಳಲ್ಲೇ, ಮದುವೆಯಾಯಿತು. ಗಂಡನು ಸೈನ್ಯಕ್ಕೆ ಹೋದನು. ಹೆಂಡತಿಯೂ ಮನೆಯಲ್ಲಿ ಕುಳಿತಿರಲಿಲ್ಲ. ಗಾಯಾಳುಗಳನ್ನು ಸಾಗಿಸುವ ಗಾಡಿಯನ್ನು ನಡೆಸುತ್ತಲೂ, ಸೈನ್ಯದ ಕಾಗದಪತ್ರಗಳನ್ನು ಒಯ್ಯುತ್ತಲೂ ಸೋಮ್ ಮತ್ತು ವೆರ್ದಂ ರಣಭೂಮಿಗಳ ಹಿಂದೆ ದುಡಿದಳು. ವೆರ್ದಂ ಎಂಬ ಹೆಸರು ಫ್ರೆಂಚರಿಗೆ ಎಂಥದೆಂದು ಬಲ್ಲವರಿಗೆ ಈ ಒಂದು ವಾಕ್ಯವೇ ಸಾಕು. ಆ ಮದುವೆ ಉಳಿಯಲಿಲ್ಲ, 1923ರಲ್ಲಿ ವಿಚ್ಛೇದನವಾಯಿತು. ಆಕೆಯ ಪ್ರೇಮವೆಲ್ಲವೂ ಸ್ತ್ರೀಯರ ಕಡೆಗೆ ಒಲಿದಿದ್ದಿತೆಂಬುದನ್ನು ಆಕೆ ಬಚ್ಚಿಡುವ ಗೋಜಿಗೆ ಹೋದವಳಲ್ಲ.

ಯುದ್ಧದ ಕಡೆಯ ವರ್ಷಗಳಲ್ಲಿಯೇ ಆಕೆಯ ಆಟದ ಜೀವನ ಆರಂಭವಾಗಿದ್ದಿತು. ಪ್ಯಾರಿಸಿನ ಸ್ತ್ರೀಯರ ಕಾಲ್ಚೆಂಡಿನ ತಂಡಗಳಲ್ಲಿ ಆಡಿದಳು. ಫ್ರಾನ್ಸಿನ ಪರವಾಗಿಯೂ ಆಡಿದಳು. 1921ರ ಮಾರ್ಚಿನಲ್ಲಿ ಮಾಂತೆ ಕಾರ್ಲೋ ನಗರದಲ್ಲಿ ಸ್ತ್ರೀಯರಿಗಾಗಿಯೇ ಒಂದು ಅಂತಾರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಒಲಿಂಪಿಕ್ ಕೂಟದ ಸ್ಥಾಪಕನಾದ ಕೂಬರ್ತಾನನಿಗೆ ಹೆಂಗಸರು ಬಯಲಿಗಿಳಿಯುವುದು ಸರಿಕಾಣುತ್ತಿರಲಿಲ್ಲವಾಗಿ, ಅವರು ತಮ್ಮ ಕೂಟವನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. ಅಲ್ಲಿ ಗುಂಡು ಎಸೆತದಲ್ಲಿಯೂ ಈಟಿ ಎಸೆತದಲ್ಲಿಯೂ ಮೋರಿಸಳೇ ಮೊದಲು. ಆಗಿನ ನಿಯಮ ವಿಚಿತ್ರವಾದದ್ದು: ಬಲಗೈಯಿಂದ ಎಸೆದ ದೂರವನ್ನೂ ಎಡಗೈಯಿಂದ ಎಸೆದ ದೂರವನ್ನೂ ಕೂಡಿಸಿ ಲೆಕ್ಕ ಹಾಕುತ್ತಿದ್ದರು. ಎಡಗೈಗೂ ಒಂದು ಮಾನವಿದ್ದ ಕಾಲವದು.

ಇವಲ್ಲದೆ ವಾಟರ್ ಪೋಲೋ, ಕುಸ್ತಿ, ಭಾರ ಎತ್ತುವುದು, ಕುದುರೆ ಸವಾರಿ. ಇವುಗಳ ಪಟ್ಟಿ ಹೇಳುತ್ತ ಹೋದರೆ ಜಾತ್ರೆಯ ಅಂಗಡಿಗಳ ಹೆಸರು ಹೇಳಿದಂತಾಗುತ್ತದೆ. ಆದರೆ ನನ್ನ ಮನಸ್ಸನ್ನು ಸೆಳೆದದ್ದು ಬೈಸಿಕಲ್ಲೂ ಮುಷ್ಟಿಯುದ್ಧವೂ. ಮುಷ್ಟಿಯುದ್ಧದಲ್ಲಿ ಆಕೆ ಗಂಡಸರನ್ನೂ ಎದುರಿಸಿ ನಿಂತಳು. ಹೆಂಗಸರು ಬೈಸಿಕಲ್ ಪಂದ್ಯ ಕಟ್ಟುವುದು ಫ್ರಾನ್ಸಿಗೆ ಹೊಸದಾಗಿರಲಿಲ್ಲ. 1868ರಷ್ಟು ಹಿಂದೆಯೇ ಬೋರ್ದೋ ನಗರದ ಉದ್ಯಾನದಲ್ಲಿ ಹೆಂಗಸರ ಪಂದ್ಯವಾಗಿದ್ದಿತು. ಆದರೆ ಅದನ್ನು ಜನ ತಮಾಷೆಯೆಂದು ನೋಡಿದರೇ ಹೊರತು ಆಟವೆಂದು ನೋಡಲಿಲ್ಲ. ಒಲಿಂಪಿಕ್ ಕೂಟದಲ್ಲಿ ಸ್ತ್ರೀಯರ ಬೈಸಿಕಲ್ ಪಂದ್ಯಕ್ಕೆ ಎಡೆ ದೊರೆತದ್ದು 1984ರಲ್ಲಿ; ಮುಷ್ಟಿಯುದ್ಧಕ್ಕೆ ದೊರೆತದ್ದು 2012ರಲ್ಲಿ. ನಮ್ಮ ಮಣಿಪುರದ ಮೇರಿ ಕೋಂ ಲಂಡನ್ನಿನಲ್ಲಿ ಕಂಚಿನ ಪದಕವನ್ನು ಕೊರಳಿಗೆ ಹಾಕಿಸಿಕೊಂಡದ್ದು ಆ ಮೊದಲ ಸಲವೇ. ಹೀಗೆಂದಾಗ ಶಾಲೆಯ ಹುಡುಗಿಯರು ಬಹಳ ಹೊತ್ತು ಕೈತಟ್ಟಿದರು.

1927ರಲ್ಲಿ ‘ಬೋಲ್ ದೋರ್’ ಎಂಬ ಮೋಟಾರು ಪಂದ್ಯ. ಎಡೆಬಿಡದೆ ಇಪ್ಪತ್ತನಾಲ್ಕು ಗಂಟೆಗಳ ಕಾಲ ಬಂಡಿಯನ್ನು ಓಡಿಸಬೇಕು. ಅದನ್ನು ಗೆದ್ದವಳು ಮೋರಿಸ್. ನಾನು ಅಂದು ಇಲ್ಲಿಗೆ ನಿಲ್ಲಿಸಿದೆ.

ಮುಂದಿನದನ್ನು ಹೇಳುವ ಮೊದಲು ಷರಾಯಿಯ ವಿಷಯ ಬರಬೇಕು. ಫ್ರಾನ್ಸಿನ ಮಹಾಕ್ರಾಂತಿಯ ಬಿಸಿ ಆರುವ ಮೊದಲೇ, 1800ರ ನವೆಂಬರಿನಲ್ಲಿ, ಪ್ಯಾರಿಸಿನ ಪೋಲೀಸು ಮುಖ್ಯಾಧಿಕಾರಿಯು ಒಂದು ಆಜ್ಞೆ ಹೊರಡಿಸಿದ್ದನು: ಗಂಡಸಿನಂತೆ ಉಡುಪು ಧರಿಸಬಯಸುವ ಹೆಂಗಸು ಪೋಲೀಸು ಕಚೇರಿಗೆ ಬಂದು ಅನುಮತಿ ಪಡೆಯಬೇಕು. ಸ್ವಾತಂತ್ರ್ಯ, ಸಮಾನತೆ, ಸಹೋದರತ್ವ ಎಂಬ ಮೂರು ಮಂತ್ರಗಳನ್ನು ಲೋಕಕ್ಕೆ ಕೊಟ್ಟ ಊರು, ಹೆಂಗಸಿನ ಕಾಲಿಗೆ ಎರಡು ಕೊಳವೆಯ ಬಟ್ಟೆ ಬರಬಾರದೆಂದು ವಿಧಿಸಿತು. ಮುಂದೆ 1892ರಲ್ಲಿಯೂ 1909ರಲ್ಲಿಯೂ ಈ ಆಜ್ಞೆಯನ್ನು ಸ್ವಲ್ಪ ಸಡಿಲಿಸಿದರು. ಹೇಗೆಂದರೆ, ಹೆಂಗಸಿನ ಕೈಯಲ್ಲಿ ಬೈಸಿಕಲ್ಲಿನ ಹಿಡಿಯಿದ್ದರೆ, ಇಲ್ಲವೆ ಕುದುರೆಯ ಲಗಾಮಿದ್ದರೆ, ಆಕೆ ಷರಾಯಿ ತೊಡಬಹುದು! ಬೈಸಿಕಲ್ಲನ್ನು ಗೋಡೆಗೊರಗಿಸಿ ನಾಲ್ಕು ಹೆಜ್ಜೆ ನಡೆದರೆ ಆಕೆ ಅಪರಾಧಿ. ಹಿಂತಿರುಗಿ ಬಂದು ಹಿಡಿಯನ್ನು ಮುಟ್ಟಿದರೆ ನಿರಪರಾಧಿ. ನಮ್ಮ ಕಡೆಯ ಮಡಿಮೈಲಿಗೆಗಳಲ್ಲಿಯೂ ಇಂಥ ಸೂಕ್ಷ್ಮ ಹುಡುಕಿದರೆ ಸಿಕ್ಕೀತು. ಈ ಆಜ್ಞೆಗೆ ಇನ್ನು ಬಲವಿಲ್ಲವೆಂದು ಫ್ರಾನ್ಸಿನ ಸರ್ಕಾರವು ಬಾಯಿಬಿಟ್ಟು ಹೇಳಿದ್ದು 2013ರಲ್ಲಿ.

ಇದನ್ನು ಓದಿದಾಗ ನನಗೆ ನನ್ನ ಸೋದರತ್ತೆಯೊಬ್ಬರ ನೆನಪಾಯಿತು. ಹುಡುಗಿಯಾಗಿದ್ದಾಗ ಅವರು ಅಣ್ಣನ ಬೈಸಿಕಲ್ಲನ್ನು ದೀಪ ಹಚ್ಚುವ ಹೊತ್ತಿನಲ್ಲಿ ಹಿತ್ತಿಲಿಗೆ ಕದ್ದೊಯ್ದು, ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡು, ಬಾವಿಯ ಸುತ್ತ ಸವಾರಿ ಕಲಿತರಂತೆ. ಕಚ್ಚೆಯುಟ್ಟು ಕುದುರೆಯೇರಿ ಕುಳಿತ ಕಿತ್ತೂರು ಚೆನ್ನಮ್ಮನ ಪ್ರತಿಮೆಗೆ ಕೈಮುಗಿಯುವ ನಾವು, ಕಚ್ಚೆಯುಟ್ಟು ಬೈಸಿಕಲ್ಲೇರಿದ ಮನೆಯ ಹುಡುಗಿಗೆ ಕೈಮುಗಿಯುವುದಿಲ್ಲ. ಒಂದು ದಿನ ಸೆರಗು ಸರಪಳಿಗೆ ಸಿಕ್ಕಿ ಬಿದ್ದು ಮೊಣಕೈ ಒಡೆದುಕೊಂಡರು, ಗುಟ್ಟು ಬಯಲಾಯಿತು, ಅಂದಿನಿಂದ ಬೈಸಿಕಲ್ಲಿಗೆ ಬೀಗ. ಅವರು ಅದರ ಮೇಲೆ ದೂರು ಹೇಳಿದ್ದನ್ನು ನಾನು ಕೇಳಲಿಲ್ಲ. ಆದರೆ ಎಂಬತ್ತು ದಾಟಿದ ಮೇಲೆ ಜಗಲಿಯಲ್ಲಿ ಕುಳಿತಿರುವಾಗ ಶಾಲೆಯ ಹುಡುಗಿಯೊಬ್ಬಳು ಬೈಸಿಕಲ್ಲಿನ ಮೇಲೆ ಹೋದರೆ, “ಯಾರ ಮನೆಯ ಮಗುವೋ ಅದು? ಸೀಟು ಎತ್ತರವಾಯಿತು ಅದಕ್ಕೆ, ಇಳಿಸಬೇಕು” ಎನ್ನುತ್ತಿದ್ದರು. ಮೋರಿಸಳ ಮೇಲೆ ನನಗೆ ಹುಟ್ಟಿದ ಅಭಿಮಾನದ ಬೇರು ಈ ಜಗಲಿಯಲ್ಲಿದೆ. ವಾಚಕರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನ ಮಾತನ್ನು ತೂಗಬೇಕು.

ಮೋರಿಸ್ ಷರಾಯಿಯನ್ನು ಬೈಸಿಕಲ್ಲಿನ ಮೇಲೆ ಮಾತ್ರವಲ್ಲದೆ ಬೀದಿಯಲ್ಲಿಯೂ ತೊಟ್ಟಳು. ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಳು, ಸಿಗರೇಟು ಸೇದಿದಳು, ಬಾಯಿಯೂ ಒರಟು. 1928ರಲ್ಲಿ ಆಮ್ಸ್ಟರ್‌ಡ್ಯಾಮಿನ ಒಲಿಂಪಿಕ್ ಕೂಟದಲ್ಲಿ ಸ್ತ್ರೀಯರಿಗೆ ಮೊತ್ತಮೊದಲು ಓಟ, ಜಿಗಿತ, ಎಸೆತಗಳ ಪಂದ್ಯಗಳನ್ನು ಏರ್ಪಡಿಸಿದರು. ಇದ್ದದ್ದು ಐದೇ, ಅವುಗಳಲ್ಲಿ ಚಕ್ರ ಎಸೆತವೂ ಒಂದು. ಆಕೆಯ ತೋಳಿಗೆ ಒಗ್ಗಿದ ಪಂದ್ಯ. ಆ ವರ್ಷವೇ ಫ್ರಾನ್ಸಿನ ಸ್ತ್ರೀ ಕ್ರೀಡಾ ಸಂಘವು ಆಕೆಗೆ ಅನುಮತಿಪತ್ರ ಕೊಡಲು ನಿರಾಕರಿಸಿತು. ಎಳೆಯ ಆಟಗಾರ್ತಿಯರಿಗೆ ಈಕೆಯ ನಡತೆ, ಉಡುಪು ಕೆಟ್ಟ ಮಾದರಿಯೆಂದು ಕಾರಣ. ಇದು ಅಲೀಸ್ ಮಿಲಿಯಾ ಮೊದಲಾದ ದಿಟ್ಟ ಹೆಂಗಸರು ಸ್ತ್ರೀಯರ ಆಟದ ಹಕ್ಕಿಗಾಗಿ ಕಟ್ಟಿ ಬೆಳೆಸಿದ ಸಂಘ. ಬಾಗಿಲು ತೆರೆಯಬೇಕೆಂದು ಹೊರಗೆ ನಿಂತು ವರ್ಷಗಟ್ಟಲೆ ಬಡಿದವರು, ಅದು ಅರ್ಧ ತೆರೆದೊಡನೆ ತಮ್ಮಲ್ಲೊಬ್ಬಳನ್ನು ಹೊರಗೆ ನೂಕಿದರು. ಅವರ ಭಯ ನನಗೆ ತಿಳಿಯದೆ ಇಲ್ಲ. ‘ಆಟವಾಡಿದರೆ ಹೆಂಗಸರು ಗಂಡಸರಾಗಿಬಿಡುತ್ತಾರೆ’ ಎಂದು ನಿಂದಿಸುವವರಿಗೆ ಈಕೆ ನಡೆದಾಡುವ ಸಾಕ್ಷಿಯಂತೆ ಕಾಣುತ್ತಿದ್ದಳು. ತಿಳಿಯಿತೆಂದ ಮಾತ್ರಕ್ಕೆ ಒಪ್ಪಿದೆನೆಂದಲ್ಲ.

ಮೋರಿಸ್ ಸಂಘದ ಮೇಲೆ ದಾವಾ ಹೂಡಿದಳು. ಇದರ ನಡುವೆ, 1929ರಲ್ಲಿ, ಶಸ್ತ್ರಚಿಕಿತ್ಸೆಯಿಂದ ತನ್ನ ಎರಡು ಸ್ತನಗಳನ್ನೂ ತೆಗೆಸಿಕೊಂಡಳು. ಪಂದ್ಯದ ಕಾರಿನ ಇಕ್ಕಟ್ಟಾದ ಆಸನದಲ್ಲಿ ಕುಳಿತು ಚಕ್ರ ತಿರುಗಿಸಲು ಅನುಕೂಲವಾಗಲೆಂದು ಆಕೆ ಕೊಟ್ಟ ಕಾರಣ. 1930ರಲ್ಲಿ ಪ್ಯಾರಿಸಿನ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ನೂರಮೂವತ್ತು ವರ್ಷ ಹಳೆಯ ಆ ಷರಾಯಿಯ ಆಜ್ಞೆ ಧೂಳು ಕೊಡವಿಕೊಂಡು ಎದ್ದು ಬಂದಿತು. ಹೆಂಗಸರು ಷರಾಯಿ ತೊಡುವುದು ಲೋಕರೂಢಿಯಲ್ಲವಾದುದರಿಂದ ಅದನ್ನು ನಿಷೇಧಿಸುವ ಅಧಿಕಾರ ಸಂಘಕ್ಕಿದೆಯೆಂದು ತೀರ್ಪಾಯಿತು. ಆಕೆ ಸೋತಳು. ಆಕೆಗಾಗ ಮೂವತ್ತಾರು ವಯಸ್ಸು. ಕ್ರೀಡಾಪಟುವಿನ ಬಾಳು ಅಲ್ಲಿಗೆ ಮುಗಿದಂತೆಯೇ. ಮೋಟಾರಿನ ಬಿಡಿಭಾಗಗಳ ಅಂಗಡಿಯನ್ನು ಇಟ್ಟಳು. ಆಮೇಲೆ ಸೇನ್ ನದಿಯಲ್ಲಿ ಕಟ್ಟಿ ನಿಲ್ಲಿಸಿದ ದೋಣಿಮನೆಯೊಂದರಲ್ಲಿ ವಾಸಮಾಡಿದಳು. ಕವಿ ಝಾಂ ಕೊಕ್ತೋ ಅಲ್ಲಿ ಅತಿಥಿಯಾಗಿದ್ದನು. 1937ರ ಡಿಸೆಂಬರಿನಲ್ಲಿ ಆ ದೋಣಿಯ ಮೇಲೆ ಜಗಳಕ್ಕೆ ಬಂದ ಯುವಕನೊಬ್ಬನನ್ನು ಗುಂಡಿಟ್ಟು ಕೊಂದಳು. ಆತ್ಮರಕ್ಷಣೆಗಾಗಿ ಮಾಡಿದ್ದೆಂದು ನ್ಯಾಯಾಲಯ ಬಿಡುಗಡೆ ಮಾಡಿತು.

ಕಥೆ ಇಲ್ಲಿಗೆ ಮುಗಿದಿದ್ದರೂ ನಾನು ಶಾಲೆಯಲ್ಲಿ ಧೈರ್ಯವಾಗಿ ಹೇಳುತ್ತಿದ್ದೆನೋ ಏನೋ. ‘ಅನ್ಯಾಯಕ್ಕೆ ಗುರಿಯಾದ ಧೀರೆ’ ಎಂದು ಕಣ್ಣು ತೇವ ಮಾಡಿಸಬಹುದಾಗಿತ್ತು. ಆದರೆ 1940ರ ಜೂನ್ ತಿಂಗಳಲ್ಲಿ ಜರ್ಮನ್ ಸೈನ್ಯವು ಪ್ಯಾರಿಸನ್ನು ಹೊಕ್ಕಿತು. ಇಪ್ಪತ್ತುನಾಲ್ಕು ವರ್ಷಗಳ ಹಿಂದೆ ಅದೇ ಜರ್ಮನರ ತೋಪುಗಳೆದುರಿನಿಂದ ತನ್ನವರ ಗಾಯಾಳುಗಳನ್ನು ಹೊತ್ತು ತಂದಿದ್ದ ಹೆಂಗಸು ಈಗ ಗೆದ್ದವರ ಪಕ್ಷಕ್ಕೆ ಸೇರಿದಳು. ಜರ್ಮನ್ ವಾಯುಪಡೆಗೆ ಸೇರಿದ ಗ್ಯಾರೇಜೊಂದನ್ನು ನಡೆಸಿದಳು; ಅವರ ಕಡೆಯವರ ಬಂಡಿಗಳನ್ನು ಓಡಿಸಿದಳು; ಕಳ್ಳಸಂತೆಯ ಪೆಟ್ರೋಲಿನ ವ್ಯವಹಾರದಲ್ಲಿಯೂ ಇದ್ದಳು.

ಇದಕ್ಕಿಂತ ಘೋರವಾದುದನ್ನು ಹೇಳಿದವರೂ ಉಂಟು. 1936ರ ಬರ್ಲಿನ್ ಒಲಿಂಪಿಕ್ ಕೂಟಕ್ಕೆ ಹಿಟ್ಲರನೇ ಕರೆಸಿಕೊಂಡನೆಂದೂ, ದೇಶದ ಕೋಟೆಗಳ ನಕ್ಷೆಯನ್ನು ಕದ್ದು ಕೊಟ್ಟಳೆಂದೂ, ಸೆರೆಯಾಳುಗಳನ್ನು ಕೈಯಾರೆ ಹಿಂಸಿಸಿದಳೆಂದೂ ಬರೆದರು; ಗೆಸ್ಟಪೋವಿನ ಕತ್ತೆಕಿರುಬ ಎಂಬ ಹೆಸರನ್ನೂ ಅಂಟಿಸಿದರು. ಮಾರಿ-ಜೋ ಬೊನೆ ಎಂಬ ಫ್ರೆಂಚ್ ಇತಿಹಾಸಕಾರ್ತಿಯು ದಫ್ತರಗಳನ್ನು ಶೋಧಿಸಿ, ಈ ಆರೋಪಗಳಿಗೆ ಆಧಾರವಿಲ್ಲವೆಂದು 2011ರಲ್ಲಿ ಪುಸ್ತಕ ಬರೆದಳು. ಷರಾಯಿ ತೊಟ್ಟವಳು ಯಾವ ಪಾಪವನ್ನಾದರೂ ಮಾಡಿರಬಲ್ಲಳೆಂದು ನಂಬುವುದು ಜನಕ್ಕೆ ಸುಲಭ. ಆ ಭಾಗವನ್ನು ನಾನು ಲೆಕ್ಕದಿಂದ ಬಿಡುತ್ತೇನೆ. ಗ್ಯಾರೇಜು ಉಳಿಯುತ್ತದೆ.

‘ಗ್ಯಾರೇಜಲ್ಲವೆ, ಹೊಟ್ಟೆಪಾಡು’ ಎಂದು ಮಿತ್ರರೊಬ್ಬರು ಆಕೆಯ ಪರವಾಗಿ ವಾದಿಸಿದರು. ನಾನೂ ಸ್ವಲ್ಪ ಕಾಲ ಹಾಗೆಯೇ ಸಮಾಧಾನಪಟ್ಟಿದ್ದೆ. ಆದರೆ ಪ್ಯಾರಿಸಿನಲ್ಲಿ ಚಳಿಗಾಲದ ಬೈಸಿಕಲ್ ಪಂದ್ಯಗಳಿಗಾಗಿ 1910ರಲ್ಲಿ ತೆರೆದ ಒಂದು ಭವನವಿದ್ದಿತು. ವೆಲೋದ್ರೋಮ್ ದಿವೇರ್ ಎಂದು ಹೆಸರು. ಗಾಜಿನ ಚಾವಣಿಯ ಕೆಳಗೆ ಆರು ದಿನಗಳ ಬೈಸಿಕಲ್ ಓಟಗಳೂ, ದೊಡ್ಡ ದೊಡ್ಡ ಮುಷ್ಟಿಯುದ್ಧಗಳೂ ಅಲ್ಲಿಯೇ ನಡೆಯುತ್ತಿದ್ದವು. ಮೋರಿಸಳಿಗೆ ಪ್ರಿಯವಾದ ಎರಡು ಆಟಗಳೂ ಒಂದೇ ಸೂರಿನಡಿಯಲ್ಲಿ. 1942ರ ಜುಲೈ 16, 17ರಂದು ಜರ್ಮನರಿಗಾಗಿ ಫ್ರೆಂಚ್ ಪೋಲೀಸರು ಸುಮಾರು 13,000 ಯೆಹೂದ್ಯರನ್ನು ಹಿಡಿದರು. ಅವರಲ್ಲಿ 4,000ಕ್ಕೂ ಮೇಲ್ಪಟ್ಟು ಮಕ್ಕಳು. ಮಕ್ಕಳೊಂದಿಗರನ್ನು ಆ ಭವನದಲ್ಲಿ ಕೂಡಿಹಾಕಿದರು. ಬೇಸಗೆಯ ಬೇಗೆ, ಕುಡಿಯುವ ನೀರಿಗೆ ಅಭಾವ, ಅಲ್ಲಿಂದ ಶಿಬಿರಗಳಿಗೆ, ಶಿಬಿರಗಳಿಂದ ಆಶ್ವಿಟ್ಸಿಗೆ. ಟ್ಯುನೀಸಿಯಾದಿಂದ ಬಂದು 1931ರಲ್ಲಿ ಪ್ಯಾರಿಸಿನಲ್ಲಿಯೇ ಮುಷ್ಟಿಯುದ್ಧದ ಜಗಜ್ಜೆಟ್ಟಿಯಾಗಿದ್ದ ಪುಟ್ಟ ದೇಹದ ಯಂಗ್ ಪೆರೆಜ್ ಎಂಬ ಯೆಹೂದ್ಯನೂ 1943ರಲ್ಲಿ ಪ್ಯಾರಿಸಿನಲ್ಲಿ ಸೆರೆಸಿಕ್ಕನು. ಆಶ್ವಿಟ್ಸಿನಲ್ಲಿ ಕಾವಲುಗಾರರ ವಿನೋದಕ್ಕಾಗಿ ಅವನಿಂದ ಕಾಳಗ ಮಾಡಿಸಿದರು. 1945ರ ಜನವರಿಯಲ್ಲಿ, ಬಿಡುಗಡೆ ಹತ್ತಿರವಾಗಿದ್ದಾಗ, ನಡೆಸಿಕೊಂಡು ಹೋಗುತ್ತಿದ್ದ ದಾರಿಯಲ್ಲಿ ಗುಂಡಿಟ್ಟು ಕೊಂದರು. ಇದೆಲ್ಲ ನಡೆಯುತ್ತಿದ್ದ ಊರಿನಲ್ಲಿ ಮೋರಿಸ್ ಅವರ ಬಂಡಿಗಳಿಗೆ ಎಣ್ಣೆ ಹಾಕುತ್ತಿದ್ದಳು. ಹೊಟ್ಟೆಪಾಡೆಂಬ ಮಾತನ್ನು ನಾನು ಆ ಮಿತ್ರರಿಗೇ ಹಿಂತಿರುಗಿಸಿದೆ.

1944ರ ಏಪ್ರಿಲ್ 26. ನಾರ್ಮಂಡಿಯ ಹಳ್ಳಿಯ ದಾರಿಯೊಂದರಲ್ಲಿ ಆಕೆ ತನ್ನ ಸಿತ್ರೊಯೆನ್ ಕಾರನ್ನು ನಡೆಸಿಕೊಂಡು ಬರುತ್ತಿದ್ದಳು. ಅಡಗಿ ಕಾದಿದ್ದ ಪ್ರತಿರೋಧದ ದಳದವರು ಗುಂಡಿನ ಮಳೆಗರೆದರು. ಕಾರಿನಲ್ಲಿ ಪರಿಚಿತ ಕುಟುಂಬವೊಂದಿದ್ದಿತು. ಅವರಲ್ಲಿ ಇಬ್ಬರು ಮಕ್ಕಳು. ಅವರೂ ಸತ್ತರು. ಆ ಮಕ್ಕಳ ಸಾವಿಗೆ ಯಾರ ಖಾತೆಯಲ್ಲಿ ಲೆಕ್ಕ ಬರೆಯುವುದೆಂದು ನನಗೆ ಹೊಳೆಯುವುದಿಲ್ಲ. ದೇಶಭಕ್ತರ ಖಾತೆಯೆಂದು ಬರೆಯಲು ಕೈ ಹಿಂಜರಿಯುತ್ತದೆ, ಬರೆಯದೆ ಬಿಡಲೂ ಆಗದು. ಮೋರಿಸಳ ಹೆಣವನ್ನು ಬೇಡಿ ಯಾರೂ ಬರಲಿಲ್ಲ. ಇದಕ್ಕೆ ಐದು ದಿನ ಮುಂಚೆ, ಏಪ್ರಿಲ್ 21ರಂದು, ಆಲ್ಜಿಯರ್ಸ್ ನಗರದಲ್ಲಿದ್ದ ಸ್ವತಂತ್ರ ಫ್ರಾನ್ಸಿನ ಸಮಿತಿಯು ಫ್ರೆಂಚ್ ಸ್ತ್ರೀಯರಿಗೆ ಮತದಾನದ ಹಕ್ಕನ್ನು ಕೊಟ್ಟಿದ್ದಿತು.

ಇದು ನಾನು ನುಂಗಿಕೊಂಡ ಅರ್ಧ. ಏಕೆ ನುಂಗಿದೆನೆಂದು ಆಮೇಲೆ ನನ್ನನ್ನೇ ಕೇಳಿಕೊಂಡೆ. ಮಕ್ಕಳ ಮನಸ್ಸು ನೊಂದೀತೆಂಬುದು ನೆಪ. ನಿಜವಾದ ಕಾರಣ, ನನಗೆ ಮಾದರಿಯೊಂದು ಬೇಕಾಗಿತ್ತು. ಆಕೆಯಲ್ಲಿ ಮಾದರಿಯಾಗದ ಭಾಗವನ್ನು ಕತ್ತರಿಸಿ ಬಿಸುಟೆ. ಇದನ್ನೇ ಅಲ್ಲವೆ 1928ರಲ್ಲಿ ಆ ಸಂಘದವರೂ ಮಾಡಿದ್ದು? ‘ಎಳೆಯರಿಗೆ ಕೆಟ್ಟ ಮಾದರಿ’ ಎಂದು ಅವರು ಆಕೆಯನ್ನು ಬಯಲಿನಿಂದ ತೆಗೆದರು. ನಾನು ಅದೇ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡು ಆಕೆಯ ಹದಿನೇಳು ವರ್ಷಗಳನ್ನು ಕಥೆಯಿಂದ ತೆಗೆದೆ. ಅವರ ತೀರ್ಪನ್ನು ಬೈದ ನಾಲಗೆಯಿಂದಲೇ ನನ್ನದನ್ನು ಸಮರ್ಥಿಸಿಕೊಳ್ಳುವುದು ಕಷ್ಟವಾಯಿತು.

ಸಂಘವು ಆಕೆಗೆ ಮಾಡಿದ್ದು ಅನ್ಯಾಯವೆಂದು ಈಗಲೂ ಹೇಳುತ್ತೇನೆ. ಆ ಅನ್ಯಾಯವೇ ಆಕೆಯನ್ನು ಗ್ಯಾರೇಜಿಗೆ ಕೊಂಡೊಯ್ದಿತೆಂದು ಹೇಳಲಾರೆ. ನನ್ನ ಅತ್ತೆಯವರಿಂದ ಬೈಸಿಕಲ್ಲನ್ನು ಕಿತ್ತುಕೊಂಡರು. ಅವರು ಜಗಲಿಯಲ್ಲಿ ಕುಳಿತು ಇತರರ ಮಕ್ಕಳ ಸೀಟಿನ ಎತ್ತರವನ್ನು ನೋಡಿದರು. ಹೋಲಿಕೆ ಸರಿಯಲ್ಲವೆಂದು ಬಲ್ಲೆ. ಒಬ್ಬರಿಗೆ ಯುದ್ಧ ಬಂದಿತು, ಇನ್ನೊಬ್ಬರಿಗೆ ಬರಲಿಲ್ಲ. ಆದರೂ ಈ ಇಬ್ಬರನ್ನೂ ಒಟ್ಟಿಗೆ ನೆನೆಯದಿರಲು ನನ್ನಿಂದ ಆಗಲಿಲ್ಲ.

ಈ ಸಂಚಿಕೆಯ ಒಂದು ಪ್ರತಿಯನ್ನು ಆ ಶಾಲೆಯ ವಾಚನಾಲಯಕ್ಕೆ ಕಳುಹಿಸಿಕೊಡಬೇಕೆಂದು ಸಂಪಾದಕರನ್ನು ಪ್ರಾರ್ಥಿಸಿದ್ದೇನೆ. ಪ್ರಶ್ನೆ ಕೇಳಿದ ಹುಡುಗಿಯ ಹೆಸರನ್ನು ಅಂದು ಕೇಳಲು ಮರೆತೆ. ಮೂರನೆಯ ಸಾಲಿನಲ್ಲಿ ಕುಳಿತಿದ್ದಳು. ಮೊಣಕಾಲಿಗೆ ಬಟ್ಟೆ ಕಟ್ಟಿತ್ತು.